ಅಜಾನಿಗೊಂದು ಜವಾಬು

ಅಜಾನ್ ಕೇಳಿಸಿದೊಡನೆ ನಮ್ಮ ನಾನಿ, ಅಂದರೆ ಅಮ್ಮನ ತಾಯಿ, ಸೆರಗನ್ನು ತಲೆಯ ಮೇಲೆಳೆದುಕೊಳ್ಳುತ್ತಿದ್ದಳು. ಅಕ್ಕಿ ಆರಿಸುತ್ತಿರಲಿ, ನಮ್ಮ ಜಗಳ ಬಿಡಿಸುತ್ತಿರಲಿ, ಮಾತು ಅರ್ಧಕ್ಕೇ ನಿಲ್ಲಬೇಕು. ರೇಡಿಯೋದ ಕಿವಿ ಹಿಂಡುವುದು ನನ್ನ ಕೆಲಸ. ಸಂಜೆ ದೀಪ ಹಚ್ಚುವಾಗ ನೀವೂ ಮಕ್ಕಳ ಗಲಾಟೆ ನಿಲ್ಲಿಸುವುದಿಲ್ಲವೇ, ಹಾಗೆ.

ಮುಅಜ್ಜಿನ್ ಒಂದೊಂದು ಸಾಲು ಹೇಳಿ ನಿಲ್ಲಿಸಿದಾಗ ನಾನಿ ಅದನ್ನೇ ಮೆಲ್ಲಗೆ ಹೇಳುತ್ತಿದ್ದಳು. 'ನಮಾಜಿಗೆ ಬನ್ನಿ', 'ಯಶಸ್ಸಿಗೆ ಬನ್ನಿ' ಎಂಬ ಕರೆಗಳಿಗೆ ಮಾತ್ರ ಜವಾಬು ಬೇರೆ: 'ಲಾ ಹೌಲ ವಲಾ ಕುವ್ವತ ಇಲ್ಲಾ ಬಿಲ್ಲಾಹ್'. ಅಲ್ಲಾಹನಿಂದಲ್ಲದೆ ಯಾವ ಶಕ್ತಿಯೂ ಇಲ್ಲ ಎಂದರ್ಥ. "ಬಾ ಎಂದವರಿಗೆ ನಾವೂ ಬಾ ಎನ್ನುವುದೇ? ಬರುವ ತ್ರಾಣ ಅವನೇ ಕೊಡಬೇಕು ಅನ್ನಬೇಕಮ್ಮ" ಎನ್ನುತ್ತಿದ್ದಳು. ಕೊನೆಗೆ ದರೂದ್, ದುಆ. ಆಮೇಲೆ ಬೇಕಾದರೆ ಜಗಳ ಮುಂದುವರಿಸಬಹುದು. ಎಷ್ಟೋ ಸಲ ಅದು ನಮಗೆ ಮರೆತೇ ಹೋಗಿರುತ್ತಿತ್ತು.

ವಯಸ್ಸಾಗಿ ನಾನಿಯ ಕಿವಿ ಮಂದವಾಯಿತು. "ಅಜಾನ್ ಆಯಿತೇನಮ್ಮ?" ಎಂದು ನನ್ನನ್ನೇ ಕೇಳುವಳು. ಮಗ್ರಿಬಿನ ಹೊತ್ತು ಬಹಳ ಚಿಕ್ಕದು. ಸೂರ್ಯ ಮುಳುಗಿದ ಮೇಲೆ ಪಡುವಣದ ಬೆಳಕು ಆರುವುದರೊಳಗೆ ನಮಾಜು ಮುಗಿಸಬೇಕು. ಮಳೆಗಾಲದ ಒಂದು ಭಾನುವಾರ ಟಿ.ವಿ.ಯಲ್ಲಿ ಸಿನಿಮಾ ಬರುತ್ತಿತ್ತು. ಅಜಾನ್ ನನ್ನ ಕಿವಿಗೆ ಬಿದ್ದಿತ್ತು. ಆದರೂ ನಾನಿ ಕೇಳಿದಾಗ "ಇನ್ನೂ ಇಲ್ಲ" ಎಂದುಬಿಟ್ಟೆ. ಹೌದೆಂದರೆ ಟಿ.ವಿ. ಆರಿಸಬೇಕಿತ್ತಲ್ಲ!

ಅವಳು ವುಜೂ ಮಾಡಿ, ತಲೆ ಮುಚ್ಚಿಕೊಂಡು, ಜಾನಮಾಜ್ ಹಾಸಿ ಕಾಯುತ್ತ ಕುಳಿತಳು. ಮೋಡದಲ್ಲಿ ಹೊತ್ತು ಮುಳುಗಿದ್ದು ಅವಳಿಗೆ ತಿಳಿಯಲಿಲ್ಲ. ಕಿಟಕಿ ಕಪ್ಪಾಗತೊಡಗಿದಾಗ ಗಾಬರಿಯಿಂದೆದ್ದು ನಮಾಜಿಗೆ ನಿಂತಳು. ಆಗ ಅವಳ ಕೈ ನಡುಗುತ್ತಿದ್ದುದನ್ನು ನಾನು ನೋಡಿದೆ. ಸಿನಿಮಾ ರುಚಿಸಲಿಲ್ಲ. ನಮಾಜು ಮುಗಿಸಿದ ಮೇಲೆ ಅಳುತ್ತ ತಪ್ಪು ಒಪ್ಪಿಕೊಂಡೆ. ನಾನಿ ಬೈಯಲಿಲ್ಲ. "ಜವಾಬು ಕೇಳಿಸಿದವರ ಮೇಲಮ್ಮ. ನನಗೆ ಕೇಳಿಸಲಿಲ್ಲ, ನಿನಗೆ ಕೇಳಿಸಿತ್ತು" ಎಂದಳು, ಅಷ್ಟೆ.

ಮರುದಿನದಿಂದ ನಾನು ಮನೆಯಲ್ಲಿದ್ದಾಗಲೆಲ್ಲ ಅಜಾನ್ ಕೇಳಿದರೆ ಓಡಿಹೋಗಿ ಅವಳ ಪಕ್ಕ ಕೂರುತ್ತಿದ್ದೆ. ಒಂದೊಂದು ಸಾಲು ಮುಗಿದಾಗಲೂ ಅವಳ ಅಂಗೈ ಒತ್ತುವೆ. ಅವಳು ತುಟಿಯಾಡಿಸುವಳು. ಹೀಗೆ ಎರಡು ವರ್ಷ, ಅವಳು ತೀರಿಕೊಳ್ಳುವವರೆಗೆ.

ಈಗ ನನ್ನದೇ ಸಂಸಾರ. ಕುಕ್ಕರ್ ಕೂಗು, ಫೋನು, ಮಕ್ಕಳ ಟಿ.ವಿ., ಎಲ್ಲದರ ನಡುವೆ ಅಜಾನ್ ಕೇಳಿಸುತ್ತದೆ. ಒಲೆ ತಗ್ಗಿಸಿ ತಲೆಗೆ ಸೆರಗೆಳೆದು ಜವಾಬು ಹೇಳುತ್ತೇನೆ. ಒಂದೊಂದು ಸಾಲಿಗೂ ನನ್ನ ಹೆಬ್ಬೆರಳು ಇಂದಿಗೂ ತಾನಾಗಿಯೇ ಅಂಗೈಯನ್ನು ಒತ್ತುತ್ತದೆ.