ಸವೆದರೂ ಸರಿ, ಕೇಳೋಣ

ನಮ್ಮ ರೂಮಿನ ಗ್ರಾಮಾಫೋನಿಗೆ ಕರೆಂಟೂ ಬೇಡ, ವೈಫೈಯೂ ಬೇಡ. ಕೀಲಿ ಕೊಟ್ಟರೆ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತಾ ತಟ್ಟೆಯನ್ನು ನಿಮಿಷಕ್ಕೆ 78 ಸುತ್ತು ತಿರುಗಿಸುತ್ತೆ. ವೇಗ ಕಾಯೋದು ಥಿಯರಿ ಆಫ್ ಮೆಷಿನ್ಸ್‌ನಲ್ಲಿ ಓದ್ತೀವಲ್ಲ, ಅದೇ ಸೆಂಟ್ರಿಫ್ಯೂಗಲ್ ಗವರ್ನರ್! 10 ಇಂಚಿನ ತಟ್ಟೆಯ ಒಂದು ಬದಿಗೆ ಸುಮಾರು 3 ನಿಮಿಷ ಅಷ್ಟೇ. 1930ರ ದಶಕದಲ್ಲಿ 'ಗಾಂಧಾರಿ' ಹೆಸರಲ್ಲಿ ಹಾಡಿದ ಗಂಗೂಬಾಯಿ ಹಾನಗಲ್ ಅವರೂ ರಾಗವನ್ನು ಅಷ್ಟರಲ್ಲೇ ಹಿಡಿಸಬೇಕಿತ್ತು.

ಸಂಕಟ ಒಂದೇ. ಉಕ್ಕಿನ ಮುಳ್ಳು ಪ್ರತಿಸಲವೂ ಅರಗಿನ ತಟ್ಟೆಯ ಗೆರೆಯನ್ನು ಒಂಚೂರು ಸವೆಸುತ್ತೆ. ಕೇಳಿದಷ್ಟೂ ಹಾಡು ಕರಗುತ್ತೆ. ಹಾಗಂತ ಕಪಾಟಿನಲ್ಲಿಟ್ಟರೆ ಅದು ಬರೀ ಕಪ್ಪು ತಟ್ಟೆ. ಅದಕ್ಕೇ ಬದಿಗೊಂದು ಹೊಸ ಮುಳ್ಳು ಹಾಕಿ, ಭಾನುವಾರಕ್ಕೊಂದೇ ತಟ್ಟೆ ಕೇಳ್ತೀವಿ. ಆಗ ಯಾರೂ ಮೊಬೈಲ್ ಮುಟ್ಟಲ್ಲ. ಸವೆಯೋ ಹಾಡನ್ನ ಅರ್ಧ ಕಿವಿಯಲ್ಲಿ ಕೇಳೋಕೆ ನಮಗೆ ಮನಸ್ಸೇ ಬರಲ್ಲ.