ನಮ್ಮ ನೆಗೆಣ್ಣಿಗೆ ಇನ್ನೊಂದು ಹೋಳಿಗಿ ಹಾಕಬ್ಯಾಡ್ರಿ

ಹೋದ ವರ್ಷ ಶ್ರಾವಣದಾಗ ನಮ್ಮ ನೆಗೆಣ್ಣಿಗೆ ಹೊಟ್ಟಿ ಆಪರೇಶನ್ ಆತು. ಅದು ಅಪೆಂಡಿಕ್ಸಿಂದಲ್ಲ, ಗರ್ಭಚೀಲದ್ದೂ ಅಲ್ಲ. ತೂಕ ಇಳಸೂ ಆಪರೇಶನ್, ಬೇರಿಯಾಟ್ರಿಕ್ ಅಂತಾರ. ಆವಾಗ ಮನಿ ಬಿಟ್ಟು ಹೊರಗ ಯಾರಿಗೂ ಹೇಳಿರಲಿಲ್ಲ. ಈಗ ಆಕಿನ "ಅಕ್ಕಾ, ನೀನ ಬರದು ಹಾಕು, ಒಬ್ಬೊಬ್ಬರಿಗೆ ಹೇಳಿ ಹೇಳಿ ನನಗ ಸಾಕಾಗೇದ" ಅಂದ್ಲು. ಅದಕ್ಕ ಬರೀಲಿಕತ್ತೀನಿ.

ಸುದ್ದಿ ಗೊತ್ತಾದವರೆಲ್ಲಾ ಕೇಳಿದ್ದು ಒಂದ ಮಾತು: "ಸ್ವಲ್ಪ ಬಾಯಿ ಕಟ್ಟಿದ್ರ ಆಗ್ತಿರಲಿಲ್ಲೇನು?" ಬಾಯಿ ಕಟ್ಟೂದು ಆಕಿಗೆ ಹೊಸಾದಲ್ಲ. ಎರಡು ಸಲ ಹನ್ನೆರಡು ಹನ್ನೆರಡು ಕಿಲೋ ಇಳಿಸಿದ್ಲು, ಎರಡೂ ಸಲ ಬಡ್ಡಿ ಸಮೇತ ವಾಪಸ್ ಬಂತು. ತೂಕ ಇಳಿದ್ರ ದೇಹಕ್ಕ ಬರಗಾಲ ಬಂದಂಗ ಅನಸ್ತದಂತ. ಹಸಿವಿ ಹುಟ್ಟಸೂ ಗ್ರೆಲಿನ್ ಅನ್ನೂ ಹಾರ್ಮೋನು ಏರ್ತದ, ಸುಮ್ಮನ ಕೂತಾಗ ಸುಡೂ ಶಕ್ತಿನೂ ಕಡಿಮಿ ಆಗ್ತದ. ಇದರ ಜೋಡಿ ಬರೀ ಹಠದಿಂದ ವರ್ಷಾನಗಟ್ಟಲೆ ಜಗಳಾಡೂದು ಭಾಳ ಕಷ್ಟ.

ಆಕಿ ಎತ್ತರ 158 ಸೆಂಟಿಮೀಟರು, ತೂಕ 108 ಕಿಲೋ. ಬಿಎಂಐ 43. ನಮ್ಮ ದೇಶದಾಗ ಸಾಮಾನ್ಯವಾಗಿ ಅದು 37.5 ದಾಟಿದ್ರ, ಇಲ್ಲಾ ಶುಗರು, ಬಿಪಿ ಇದ್ದು 32.5 ದಾಟಿದ್ರ ಡಾಕ್ಟರು ಆಪರೇಶನ್ ವಿಚಾರ ಮಾಡ್ತಾರ. ಆಕಿಗೆ ಶುಗರು ಇನ್ಸುಲಿನ್‌ಗೂ ಬಗ್ಗತಿರಲಿಲ್ಲ. ರಾತ್ರಿ ಗೊರಕಿ ಹೊಡೀತಾ ಹೊಡೀತಾ ಉಸುರು ನಿಂತು, ದಡಕ್ಕನ ಎದ್ದು ಕೂಡ್ತಿದ್ಲು. ಮೂಗಿಗೆ ಮಶೀನು ಹಚಗೊಂಡು ಮಲಗೂ ಪರಿಸ್ಥಿತಿ. ಸಣ್ಣ ಮಗಳು ನಡುರಾತ್ರಿ ಎದ್ದು ಅವ್ವ ಉಸುರಾಡ್ಲಿಕತ್ತಾಳೋ ಇಲ್ಲೋ ಅಂತ ನೋಡ್ತಿತ್ತು. ಇದು ಚಂದ ಕಾಣೂ ಸಲುವಾಗಿ ಮಾಡಿಸಿದ್ದಲ್ಲ ಅಂತ ಇದರಮ್ಯಾಲ ತಿಳಕೋರಿ.

ಮಾಡಿದ್ದು ಸ್ಲೀವ್ ಅನ್ನೂ ಪದ್ಧತಿ. ಸಣ್ಣ ಸಣ್ಣ ತೂತಿನಿಂದ ದುರ್ಬೀನು ಹಾಕಿ, ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತಗದ ಬಿಡ್ತಾರ. ಉಳಿಯೂದು ಬಾಳಿಹಣ್ಣಿನ ಆಕಾರದ ಕೊಳವಿ. ಗ್ರೆಲಿನ್ ಹೆಚ್ಚಾಗಿ ಹುಟ್ಟೂದು ತಗದ ಭಾಗದಾಗ, ಹಿಂಗಾಗಿ ಹಸಿವೀನೂ ತಗ್ಗತದ. ಇನ್ನೊಂದು ಬೈಪಾಸ್, ಅದರಾಗ ಜಠರದ ಸಣ್ಣ ಚೀಲ ಮಾಡಿ ಕರುಳಿಗೆ ಜೋಡಸ್ತಾರ. ಸ್ಲೀವ್ ಒಮ್ಮೆ ಮಾಡಿದ್ರ ತಿರುಗಿ ಮೊದಲಿನಂಗ ಮಾಡ್ಲಿಕ್ಕೆ ಬರೂದಿಲ್ಲ. ಹೊಲಿಗಿ ಸೋರೂದು, ರಕ್ತಸ್ರಾವ, ಕಾಲಾಗ ರಕ್ತ ಹೆಪ್ಪುಗಟ್ಟೂದು ಈ ಅಪಾಯ ಎಲ್ಲಾ ಮೊದಲ ಹೇಳಿ ಸಹಿ ತಗೊಂಡ್ರು.

ವಿಮಾದ ಬಗ್ಗೆ ಭಾಳ ಮಂದಿ ಕೇಳ್ತೀರಿ. ಬಿಎಂಐ 40 ಇದ್ರ, ಇಲ್ಲಾ 35 ಇದ್ದು ಹತೋಟಿಗೆ ಬರಲಾರದ ಶುಗರು, ಹೃದಯದ ಬ್ಯಾನಿ, ನಿದ್ದಿಯೊಳಗ ಜೋರಾಗಿ ಉಸುರು ಕಟ್ಟೂದು ಇಂಥಾದ್ದಿದ್ರ ಕೊಡಲಿಕ್ಕೆ ನಿಯಮದಾಗ ಅವಕಾಶ ಅದ. ಡಾಕ್ಟರು ಬರಕೊಡಬೇಕು, ವಯಸ್ಸು 18 ದಾಟಿರಬೇಕು, ಬ್ಯಾರೆ ಉಪಾಯ ಮಾಡಿ ಸೋತಿರಬೇಕು. ನಿಮ್ಮ ನಿಮ್ಮ ಪಾಲಿಸಿ ಓದಿ ನೋಡ್ರಿ.

ಆಮ್ಯಾಲಿನ ದಿನಾ ಸುಲಭ ಇರಲಿಲ್ಲ. ಮೊದಲ ಎರಡು ವಾರ ಬರೀ ನೀರಾದ ಪದಾರ್ಥ: ಬ್ಯಾಳಿ ಕಟ್ಟು, ತಿಳಿ ಮಜ್ಜಿಗಿ. ಆಮ್ಯಾಲ ನುಣ್ಣಗ ರುಬ್ಬಿದ್ದು, ಆಮ್ಯಾಲ ಮೆತ್ತಗಿಂದು. ಮೂರನೇ ತಿಂಗಳಿಗೆ ಬಾಚಣಿಕಿ ತುಂಬ ಕೂದಲಾ ಬರಲಿಕತ್ವು. ಆಕಿ ಬಾಗಲಾ ಹಾಕ್ಕೊಂಡು ಅತ್ತಿದ್ದು ಅವತ್ತ. ಈಗ ಹೊಸಾ ಕೂದಲಾ ಬಂದಾವ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ನಿನ ಗುಳಿಗಿ ಮಾತ್ರ ಜನ್ಮ ಪೂರ್ತಿ, ನಡುನಡುವ ರಕ್ತ ಪರೀಕ್ಷಾನೂ ಆಗಬೇಕು. ಮಕ್ಕಳಾಗಬೇಕನ್ನೂ ಹುಡುಗ್ಯಾರು ಮಾಡಿಸಿಕೊಂಡ್ರ ವರ್ಷ, ಒಂದೂವರಿ ವರ್ಷ ತಡೀಬೇಕು ಅಂತಾರ ಡಾಕ್ಟರು.

ಹದಿನಾಲ್ಕು ತಿಂಗಳಾತು, ತೂಕ ಈಗ 74. ಇನ್ಸುಲಿನ್ ನಿಂತದ, ಮಶೀನು ಅಟ್ಟದ ಮ್ಯಾಲ ಅದ. ತೋಳಿನ ಚರ್ಮ ಜೋತು ಬಿದ್ದದ, ಅದು ವ್ಯಾಯಾಮಕ್ಕ ಪೂರ್ತಿ ಹೋಗೂದಿಲ್ಲ. ದಿನಾ ಸಿಹಿ, ಕರದಿದ್ದು ಶುರುವಾದ್ರ ತೂಕ ತಿರುಗಿ ಬರಬಹುದು ಅನ್ನೂದೂ ಆಕಿಗೆ ಗೊತ್ತದ.

ತುಳಸಿ ಲಗ್ನ ಆದಮ್ಯಾಲ ನಮ್ಮ ಮನ್ಯಾಗ ಲಗ್ನ ಅದ, ನೀವೆಲ್ಲಾ ಬರ್ತೀರಿ. ಪಂಕ್ತಿಯೊಳಗ ಆಕಿ ಮುಂದ ಸಣ್ಣ ತಾಟ ಇರ್ತದ. ಮೊದಲ ಉಸಳಿ, ಝುಣಕ, ಮೊಸರು ತಿಂತಾಳ, ಆಮ್ಯಾಲ ಉಳಿದ ಜಾಗಾದಾಗ ಅರ್ಧ ರೊಟ್ಟಿ. ಊಟದ ನಡುವ ನೀರು ಕುಡ್ಯೂದಿಲ್ಲ, ಲೋಟಾ ಮುಂದ ಹಿಡೀಬ್ಯಾಡ್ರಿ. "ನನ್ನಾಣಿ, ಒಂದು ಶೇಂಗಾ ಹೋಳಿಗಿ" ಅನ್ನಬ್ಯಾಡ್ರಿ. ಒತ್ತಾಯಕ್ಕ ತಿಂದ್ರ ಎದಿ ಹಿಡದು, ಎದ್ದು ಹೋಗಿ ವಾಂತಿ ಮಾಡ್ಕೋತಾಳ. ನಿಮಗದು ಪ್ರೀತಿ, ಆಕಿಗೆ ಶಿಕ್ಷಾ. "ಮಾರಿ ಸೊರಗೇದವಾ" ಅನ್ನೂದೂ ಬ್ಯಾಡ.

ಬಾಜೂ ಕೂಡ್ರಿ, ಮಾತಾಡ್ರಿ. ಆಕಿ ನಿಧಾನ ಉಣ್ತಾಳ, ಅರ್ಧಾ ತಾಸು ಬೇಕು. ನೀವು ಎದ್ದು ಹೋದ್ರ ಒಬ್ಬಾಕಿನ ಕೂತು ಉಣಬೇಕಾಗ್ತದ.