ಕಸಿಯಾದ ಮೇಲಿನ ಎಚ್ಚರ

ಆಸ್ಪತ್ರೆಯಿಂದ ಮರಳಿದವರನ್ನು ಹಣ್ಣು ಹಿಡಿದು ನೋಡಿಬರುವುದು ನಮ್ಮಲ್ಲಿ ಬಹುಕಾಲದ ರೂಢಿ. ಆದರೆ ಅಸ್ಥಿಮಜ್ಜೆಯ ಕಸಿ, ಅಂದರೆ ಕಾಂಡಕೋಶ ಕಸಿ ಮಾಡಿಸಿಕೊಂಡವರಿಗೆ ಈ ರೂಢಿಯೇ ಅಪಾಯ ತರಬಹುದು. ರಕ್ತದ ಕ್ಯಾನ್ಸರಿಗೆ ವೆಲ್ಲೂರಿನಲ್ಲಿ ಕಸಿಯಾಗಿ ನಮ್ಮ ಮನೆಯ ಹುಡುಗ ಪಣಕಹಳ್ಳಿಗೆ ಬಂದಾಗ, ತಾಳವಾಡಿ, ಚಾಮರಾಜನಗರಗಳಿಂದ ಹೊರಟು ನಿಂತ ನೆಂಟರಿಗೆ "ಈಗ ಬರಬೇಡಿ" ಎನ್ನಬೇಕಾಯಿತು. ಕೆಲವರು ನೊಂದುಕೊಂಡರು. ಕಾರಣವನ್ನು ತಿಳಿಸುವುದು ನಮ್ಮ ಕರ್ತವ್ಯ.

ನಮ್ಮ ದೇಶಕ್ಕೆ ಈ ಚಿಕಿತ್ಸೆ ಹೊಸದಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1986ರಲ್ಲಿ ಇದು ಆರಂಭವಾಯಿತು. ರೋಗಿಯ ಮಜ್ಜೆಯನ್ನು ತೀವ್ರ ಔಷಧಿಗಳಿಂದ ಬರಿದು ಮಾಡಿ, ದಾನಿಯ ಕೋಶಗಳನ್ನು ರಕ್ತ ಕೊಡುವಂತೆಯೇ ಏರಿಸುತ್ತಾರೆ. ನಮ್ಮ ಹುಡುಗನಿಗೆ ಅಕ್ಕನೇ ದಾನಿ. 2ರಿಂದ 4 ವಾರಗಳಲ್ಲಿ ಬಿಳಿರಕ್ತಕಣಗಳ ಲೆಕ್ಕ ಏರತೊಡಗುತ್ತದೆ. ಆದರೆ ವೈರಸ್ಸುಗಳನ್ನು ಗುರುತಿಸಿ ಎದುರಿಸುವ ಟಿ-ಕೋಶಗಳು ಬಲಗೊಳ್ಳಲು ತಿಂಗಳುಗಳು, ಕೆಲವರಿಗೆ ವರ್ಷಕ್ಕೂ ಹೆಚ್ಚು ಬೇಕು. ವ್ಯಾಪಾರಿಗಳಾದ ನಮ್ಮ ಮಾತಿನಲ್ಲಿ ಹೇಳುವುದಾದರೆ, ಹಳೆಯ ಖಾತೆಪುಸ್ತಕ ಹೋಗಿ ಹೊಸದು ತೆರೆದಂತೆ. ಹಿಂದೆ ಬಂದ ರೋಗಗಳ ಲೆಕ್ಕ ಅದರಲ್ಲಿ ಇರುವುದಿಲ್ಲ.

ಅಪಾಯಕ್ಕೆ ಎರಡು ದಾರಿ. ಒಂದು ಒಳಗಿನದು. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ ನರಗಳಲ್ಲಿ ಅಡಗಿದ್ದು ಸರ್ಪಸುತ್ತಾಗಿ ಏಳಬಹುದು. ನಮ್ಮಲ್ಲಿ ಹೆಚ್ಚಿನವರ ಮೈಯಲ್ಲಿ ಸುಮ್ಮನಿರುವ ಸೈಟೋಮೆಗಾಲೊ ವೈರಸ್ ಎಚ್ಚೆತ್ತರೆ ಶ್ವಾಸಕೋಶಕ್ಕೆ, ಕರುಳಿಗೆ ಪೆಟ್ಟು. ಆದ್ದರಿಂದ ಮೊದಲ 100 ದಿನ ಆಸ್ಪತ್ರೆಯ ಬಳಿಯೇ ಬಾಡಿಗೆ ಕೋಣೆಯಲ್ಲಿದ್ದು ವಾರವಾರ ರಕ್ತಪರೀಕ್ಷೆ ಮಾಡಿಸಿದೆವು. ಜ್ವರವಿಲ್ಲದೆಯೂ ಒಮ್ಮೆ ಅದು ಪರೀಕ್ಷೆಯಲ್ಲಿ ಕಂಡಿತು. ಗ್ಯಾನ್ಸಿಕ್ಲೋವಿರ್ ಕೊಟ್ಟರು. ಅದು ರಕ್ತಕಣಗಳನ್ನೂ ಇಳಿಸುವ ಔಷಧಿಯಾದ್ದರಿಂದ ಆ ವಾರಗಳು ನಮಗೆ ಬಹಳ ಉದ್ದವಾದವು.

ಇನ್ನೊಂದು ದಾರಿ ಹೊರಗಿನದು. ನಮಗೆ ಎರಡು ದಿನದ ನೆಗಡಿ. ಅವನಿಗೆ ಅದೇ ನ್ಯುಮೋನಿಯ ಆದೀತು.

ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಿನವರೆಗೆ ಕಾಯಬಾರದೆಂದು ವೈದ್ಯರ ಕಟ್ಟಪ್ಪಣೆ. ಸತ್ಯಮಂಗಲಕ್ಕೆ ಇಳಿಯಲು ದಿಂಬಂ ಘಾಟಿಯ 27 ತಿರುವುಗಳು. ಆದ್ದರಿಂದ ಚಾಮರಾಜನಗರದ ದಾರಿಯನ್ನೇ ನಿಶ್ಚಯಿಸಿ, ವಾಹನ, ವೈದ್ಯರ ಪತ್ರ ಸದಾ ಸಿದ್ಧವಿಟ್ಟೆವು. ಮನೆಮಂದಿಯೆಲ್ಲ ಫ್ಲೂ ಲಸಿಕೆ ಹಾಕಿಸಿಕೊಂಡೆವು. ಕಾಯಿಸಿದ ನೀರು ನಮ್ಮಲ್ಲಿ ಮೊದಲೇ ಇದ್ದ ಅಭ್ಯಾಸ. ಹುಡುಗನಿಗೆ ಬಾಲ್ಯದ ಲಸಿಕೆಗಳನ್ನು ಮತ್ತೆ ಹಾಕಿಸಬೇಕು. ದಡಾರದಂಥ ಜೀವಂತ ಲಸಿಕೆ ಮಾತ್ರ 2 ವರ್ಷ ಕಳೆದ ಮೇಲೆ, ವೈದ್ಯರು ಒಪ್ಪಿದರೆ.

ಕೂದಲು ಬಂದಿತು, ಅಂಗಡಿಯಲ್ಲಿ ಕೂತಿದ್ದಾನೆ, ಇನ್ನೇನು ಭಯ ಎನ್ನಬೇಡಿ. ಇಂಥವರಿರುವ ಮನೆಗೆ ಹೋಗುವ ಮುನ್ನ ಫೋನಿನಲ್ಲಿ ಕೇಳಿ. ಕೆಮ್ಮು, ನೆಗಡಿ ಇದ್ದರೆ ಹೋಗಬೇಡಿ. ಮದುವೆ, ಉತ್ಸವಗಳಿಗೆ ಅವರು ಬಾರದಿದ್ದರೆ ತಪ್ಪು ತಿಳಿಯಬೇಡಿ. ಆ ಒಂದು ವರ್ಷ ದೂರ ನಿಲ್ಲುವುದೂ ಪ್ರೀತಿಯೇ.